ಸುಂಕದ ಕಟ್ಟೆಯಲ್ಲಿ ಮಾತು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ತಿಂಗಳಿಗೊಮ್ಮೆ ನನಗೆ ಪತ್ರ ಬರೆಯುವ ರೂಢಿಯನ್ನು ಅವನು ಬಿಟ್ಟಿಲ್ಲ. ಅಂಚೆಯ ಲಕೋಟೆ ಹೋಗಿ ಮಿಂಚಂಚೆ ಬಂದಿದೆ, ಅಷ್ಟೆ. ಕಳೆದ ಬಾರಿಯ ಪತ್ರದೊಡನೆ ಒಂದು ಮನವಿಯೂ ಬಂದಿತು. ಹೊರದೇಶದ ಭಾಷಣಕಾರನೊಬ್ಬ ಅವನಿರುವ ಊರಿಗೆ ಬರಲಿದ್ದಾನೆ. ತನ್ನ ರಾಜಕೀಯ ವಿರೋಧಿಗಳನ್ನು ಕೊಂದವರನ್ನು ಆತ ಹುತಾತ್ಮರೆಂದು ಕೊಂಡಾಡಿದ್ದಾನೆ. ಆದಕಾರಣ ಸರ್ಕಾರವು ಅವನಿಗೆ ವೀಸಾ ಕೊಡಬಾರದು ಎಂಬುದು ಆ ಮನವಿಯ ಸಾರ. ಕೆಳಗೆ ಹಲವರ ರುಜುಗಳಿದ್ದುವು. “ಮೇಷ್ಟ್ರೇ, ನೀವೂ ಒಂದು ರುಜು ಹಾಕಬೇಕು. ಅವನು ಯಾರನ್ನು ಕೊಲ್ಲಬಹುದೆಂದು ಹೇಳುತ್ತಾನೋ ಆ ಜನರ ಹುಡುಗಿಯೊಬ್ಬಳು ನಮ್ಮ ವಸತಿಗೃಹದಲ್ಲಿಯೇ ಇದ್ದಾಳೆ. ಸಭೆ ನಡೆಯುವ ವಾರ ಊರು ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದಾಳೆ” ಎಂದು ಅವನು ಬರೆದಿದ್ದ.

ಆ ಕೊನೆಯ ವಾಕ್ಯ ನನ್ನನ್ನು ತಟ್ಟಿತು. ಕಲಿಯಲೆಂದು ಸಾವಿರಾರು ಮೈಲಿ ದೂರ ಹೋದ ಹೆಣ್ಣುಮಗಳು ಒಬ್ಬನ ಮಾತಿಗೆ ಹೆದರಿ ಊರು ಬಿಡಬೇಕಾದರೆ, ಆ ಮಾತನ್ನು ಬರಿಯ ಅಭಿಪ್ರಾಯವೆಂದು ತಳ್ಳಿಹಾಕುವುದು ಹೇಗೆ? ಕೈ ರುಜು ಹಾಕಲು ಮುಂದಾಯಿತು, ಆದರೆ ಹಾಕಲಿಲ್ಲ. ಏಕೆ ಹಾಕಲಿಲ್ಲವೆಂಬುದನ್ನು ಅವನಿಗೆ ವಿವರಿಸಬೇಕೆಂದು ಹೊರಟದ್ದು ಈ ಲೇಖನವಾಗಿ ಬೆಳೆದಿದೆ. ನಮ್ಮ ಕಾಲೇಜುಗಳಲ್ಲಿಯೂ ಇಂತಹ ಮನವಿಗಳು ಆಗಾಗ ಓಡಾಡುವುದರಿಂದ, ಇದು ಅವನೊಬ್ಬನ ಪ್ರಶ್ನೆಯಲ್ಲವೆಂದು ತಿಳಿದು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡಬೇಕು. ಮೂವತ್ತು ವರ್ಷಕ್ಕೂ ಹಿಂದಿನ ಸಂಗತಿ. ನಾನಾಗ ಒಂದು ಊರಿನ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಊರಿನ, ಕಾಲೇಜಿನ ಹೆಸರು ಬೇಡ. ಸಾಹಿತ್ಯ ಸಂಘದವರು ಉಪನ್ಯಾಸಕ್ಕೆಂದು ಹಿರಿಯರೊಬ್ಬರನ್ನು ಕರೆದಿದ್ದರು. ಅವರು ಎಲ್ಲಿಯೋ ಗಲಭೆಗೆ ಪ್ರಚೋದನೆಯಾಗುವಂತೆ ಮಾತನಾಡಿದ್ದರೆಂದು ಎರಡೇ ಸಾಲಿನ ಸುದ್ದಿ ಒಂದು ಪತ್ರಿಕೆಯಲ್ಲಿ ಬಂದಿತ್ತು. ನಾವು ಏಳೆಂಟು ಮಂದಿ ಅಧ್ಯಾಪಕರು ಆ ತುಣುಕನ್ನು ಹಿಡಿದು ಪ್ರಿನ್ಸಿಪಾಲರ ಬಳಿಗೆ ಹೋದೆವು. ಅವರು ಶಾಂತಿಪ್ರಿಯರು, ಸಭೆಯನ್ನು ರದ್ದುಪಡಿಸಿದರು. ಅಷ್ಟರಲ್ಲಿ ಆ ಹಿರಿಯರು ರೈಲು ಹತ್ತಿ ಬಂದಾಗಿತ್ತು. ಸ್ಟೇಷನ್ನಿನಲ್ಲಿಯೇ ಅವರಿಗೆ ವಿಷಯ ತಿಳಿಸಿ, ಮುಂದಿನ ಗಾಡಿಗೆ ಹತ್ತಿಸಿ ಕಳುಹಿಸಲಾಯಿತು. ಎರಡು ವರ್ಷಗಳ ಮೇಲೆ ಅವರ ಆ ಭಾಷಣದ ಪೂರ್ಣ ಪಾಠ ನನ್ನ ಕೈಗೆ ಸಿಕ್ಕಿತು. ಪತ್ರಿಕೆ ಎತ್ತಿ ತೋರಿಸಿದ್ದ ಆ ಎರಡು ಸಾಲುಗಳು ಅದರಲ್ಲಿ ಇದ್ದುವು, ನಿಜ. ಆದರೆ ಅವು ಅವರ ಮಾತುಗಳಾಗಿರಲಿಲ್ಲ. ಎದುರು ಪಕ್ಷದವರ ಮಾತನ್ನು ಎತ್ತಿ ಹೇಳಿ, ಮುಂದಿನ ಅರ್ಧ ಗಂಟೆ ಅವರು ಅದನ್ನು ಖಂಡಿಸಿದ್ದರು. ಅವರಿಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಬರೆಯುವ ಮುಂಚೆ ಅವರು ತೀರಿಕೊಂಡರು.

ಈ ಕಥೆಯನ್ನು ಹೇಳಿದ್ದು, ಯಾವ ಭಾಷಣಕಾರನನ್ನೂ ಎಂದೂ ತಡೆಯಬಾರದು ಎಂದು ವಾದಿಸುವುದಕ್ಕಲ್ಲ. ಮಾತೇ ಮುತ್ತು, ಮಾತೇ ಮೃತ್ಯು ಎಂಬ ಗಾದೆಯಲ್ಲಿ ಮೃತ್ಯುವೆಂಬುದು ಅಲಂಕಾರಕ್ಕಾಗಿ ಬಂದ ಪದವಲ್ಲ. 2005ರ ಜುಲೈ 7ರಂದು ಲಂಡನ್ ನಗರದ ರೈಲುಗಳಲ್ಲಿಯೂ ಒಂದು ಬಸ್ಸಿನಲ್ಲಿಯೂ ಬಾಂಬುಗಳು ಸಿಡಿದು 52 ಮಂದಿ ಸತ್ತರು. ಬಾಂಬು ಹೊತ್ತವರು ನಾಲ್ವರು. ಅವರಲ್ಲೊಬ್ಬನ ಮೇಲೆ ಅಬ್ದುಲ್ಲಾ ಅಲ್ ಫೈಸಲ್ ಎಂಬ ಜಮೈಕಾದ ಪ್ರಚಾರಕನ ಪ್ರಭಾವ ಬಲವಾಗಿತ್ತೆಂದು ಬ್ರಿಟಿಷ್ ಸರ್ಕಾರದ ವರದಿ ಮರುವರ್ಷ ಹೇಳಿತು. ಈ ಫೈಸಲ್ ಬ್ರಿಟನ್ನಿನ ಊರೂರು ಸುತ್ತಿ, ಅನ್ಯಮತದವರನ್ನು ಕೊಲ್ಲಬೇಕೆಂದು ಬೋಧಿಸಿದವನು. ಅವನ ಭಾಷಣಗಳ ಧ್ವನಿಸುರುಳಿಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದುವು. ಮಾತಿಗೂ ಮೃತ್ಯುವಿಗೂ ನಡುವಣ ದಾರಿ ಎಷ್ಟು ಕಿರಿದಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದುದರಿಂದ ಇಂಥವರನ್ನು ಒಳಗೆ ಬಿಡಬೇಡಿ ಎಂದು ಕೂಗುವವರ ಕೋಪ ನ್ಯಾಯವಾದದ್ದೇ. ಪ್ರಶ್ನೆಯಿರುವುದು ಆ ಕೋಪವು ಸರ್ಕಾರದ ಕೈಗೆ ಏನನ್ನು ಕೊಡುತ್ತದೆ ಎಂಬಲ್ಲಿ.

ಹಿಂದೆ ನಮ್ಮಲ್ಲಿ ರಹದಾರಿ ಎಂಬ ಮಾತು ಬಳಕೆಯಲ್ಲಿತ್ತು. ಸುಂಕದ ಕಟ್ಟೆಯನ್ನು ದಾಟಬೇಕಾದರೆ ರಹದಾರಿ ಬೇಕು. ಕಟ್ಟೆಯವನಿಗೆ ಮೂಟೆಯನ್ನು ಬಿಚ್ಚಿ ತೋರಿಸಿದರೆ, ಅದರಲ್ಲಿರುವ ಸರಕಿಗೆ ತಕ್ಕಂತೆ ಅವನು ಸುಂಕ ವಸೂಲು ಮಾಡುತ್ತಾನೆ. ಇಂದಿನ ವೀಸಾ ಕಟ್ಟೆಯಲ್ಲಿ ಸರಕು ಮಾತಾಗಿರುವಾಗ ಮೂಟೆಯನ್ನು ಬಿಚ್ಚುವ ಪದ್ಧತಿ ಇಲ್ಲ. ಹೊತ್ತು ತಂದವನ ಮುಖವನ್ನೋ ಹೆಸರನ್ನೋ ನೋಡಿ ಹಿಂದಕ್ಕೆ ಕಳುಹಿಸುವುದೇ ಹೆಚ್ಚು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ?

ಈ ಪದ್ಧತಿಯ ಚರಿತ್ರೆಯನ್ನು ಸ್ವಲ್ಪ ನೋಡೋಣ. 1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಯವರನ್ನು ಅರಾಜಕತಾವಾದಿಯೊಬ್ಬನು ಗುಂಡಿಟ್ಟು ಕೊಂದನು. ದೇಶವೆಲ್ಲ ಕ್ರೋಧದಿಂದ ಕುದಿಯಿತು. 1903ರಲ್ಲಿ ಅಲ್ಲಿನ ಕಾಂಗ್ರೆಸ್ಸು ಹೊರದೇಶದ ಅರಾಜಕತಾವಾದಿಗಳು ಒಳಗೆ ಬರಕೂಡದೆಂದು ಕಾಯಿದೆ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾನ್ ಟರ್ನರ್ ಎಂಬ ಇಂಗ್ಲಿಷ್ ಕಾರ್ಮಿಕ ಸಂಘಟಕನನ್ನು ನ್ಯೂಯಾರ್ಕಿನ ಒಂದು ಸಭೆಯಲ್ಲಿ ಹಿಡಿದರು. ಅವನು ಯಾರನ್ನೂ ಕೊಲ್ಲಿರೆಂದು ಹೇಳಿದವನಲ್ಲ. ತಾನು ಅರಾಜಕತಾವಾದಿಯೆಂದು ಒಪ್ಪಿಕೊಂಡಿದ್ದ, ಅಷ್ಟೆ. ಅವನ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರು ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೋ ಮತ್ತು ಮುಂದೆ ಕವಿಯೆಂದು ಹೆಸರಾದ ಎಡ್ಗರ್ ಲೀ ಮಾಸ್ಟರ್ಸ್. 1904ರಲ್ಲಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿ, ಕಾಯಿದೆಯನ್ನು ಎತ್ತಿಹಿಡಿಯಿತು. ಇಲ್ಲೊಂದು ಸಂಗತಿಯನ್ನು ಮರೆಯಬಾರದು. ಅಧ್ಯಕ್ಷರನ್ನು ಕೊಂದ ಚೋಲ್‌ಗೋಶ್ ಹೊರಗಿನಿಂದ ಬಂದವನಲ್ಲ, ಅಮೆರಿಕದಲ್ಲಿಯೇ ಹುಟ್ಟಿದವನು. ಆ ಕಾಯಿದೆ ಮೊದಲೇ ಜಾರಿಯಲ್ಲಿದ್ದರೂ ಅವನನ್ನು ತಡೆಯುತ್ತಿರಲಿಲ್ಲ. ಲಂಡನ್ನಿನ ನಾಲ್ವರಲ್ಲಿ ಮೂವರೂ ಬ್ರಿಟನ್ನಿನಲ್ಲಿಯೇ ಹುಟ್ಟಿದವರು. ಕಳ್ಳ ಹಿತ್ತಿಲಲ್ಲಿರುವಾಗ ಮುಂಬಾಗಿಲಿಗೆ ಅಗುಳಿ ಹಾಕಿ ಮಲಗುವವನ ನೆಮ್ಮದಿ ಎಷ್ಟರದು?

ಇನ್ನೊಂದು ಪ್ರಸಂಗವಂತೂ ಸಾಹಿತ್ಯ ಪ್ರಿಯರು ತಿಳಿದಿರಲೇಬೇಕಾದದ್ದು. ಎಗೊನ್ ಎರ್ವಿನ್ ಕಿಷ್ ಪ್ರಾಗ್ ನಗರದವನು, ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಹೆಸರಾಂತ ಪತ್ರಕರ್ತ, ಕಮ್ಯೂನಿಸ್ಟ್. 1933ರಲ್ಲಿ ಹಿಟ್ಲರನ ಆಡಳಿತ ಅವನನ್ನು ಸೆರೆಯಲ್ಲಿಟ್ಟು ಗಡೀಪಾರು ಮಾಡಿತ್ತು. ಅವನ ಪುಸ್ತಕಗಳನ್ನು ಸುಟ್ಟಿತ್ತು. 1934ರಲ್ಲಿ ಆಸ್ಟ್ರೇಲಿಯದ ಯುದ್ಧವಿರೋಧಿ, ಫ್ಯಾಸಿಸಂವಿರೋಧಿ ಸಮ್ಮೇಳನವೊಂದು ಅವನನ್ನು ಮಾತನಾಡಲು ಕರೆಯಿತು. ಹಡಗು ಫ್ರೀಮ್ಯಾಂಟಲ್ ಬಂದರನ್ನು ಮುಟ್ಟಿದಾಗ, ಇಳಿಯಕೂಡದೆಂಬ ಆಜ್ಞೆ ಅವನಿಗಾಗಿ ಕಾದಿತ್ತು. ಅವನು ಅಪಾಯಕಾರಿಯೆಂದು ಬ್ರಿಟನ್ನಿನಿಂದ ಮಾಹಿತಿ ಬಂದಿದೆ ಎಂಬುದೇ ಸರ್ಕಾರ ಕೊಟ್ಟ ಕಾರಣ. ಯಾವ ಮಾತಿನಿಂದ, ಯಾವ ಬರಹದಿಂದ ಎಂಬುದನ್ನು ಯಾರೂ ಹೇಳಲಿಲ್ಲ. ನವೆಂಬರ್ 13ರಂದು ಹಡಗು ಮೆಲ್ಬೋರ್ನಿನಿಂದ ಹೊರಡುವ ಹೊತ್ತಿಗೆ ಕಿಷ್ ಅದರ ಅಟ್ಟದಿಂದ ಕೆಳಗಿನ ಕಟ್ಟೆಗೆ ಧುಮುಕಿದನು. ಸುಮಾರು ಹದಿನೆಂಟು ಅಡಿ ಎತ್ತರ; ಬಲಗಾಲು ಮುರಿಯಿತು. ಮುರಿದ ಕಾಲಿನವನನ್ನು ಪೊಲೀಸರು ಎತ್ತಿ ಮತ್ತೆ ಹಡಗಿಗೆ ಹಾಕಿದರು.

ಹಡಗು ಸಿಡ್ನಿಗೆ ಬಂದಾಗ ನ್ಯಾಯಮೂರ್ತಿ ಇವಾಟ್, ಸರ್ಕಾರದ ಆಜ್ಞೆ ಕಾನೂನಿನ ರೀತ್ಯಾ ಸರಿಯಾಗಿಲ್ಲವೆಂದು ಕಿಷ್‌ನನ್ನು ಬಿಡಿಸಿದರು. ಸರ್ಕಾರ ಸೋಲೊಪ್ಪಲಿಲ್ಲ, ತನ್ನ ಬತ್ತಳಿಕೆಯಿಂದ ಇನ್ನೊಂದು ಬಾಣವನ್ನು ತೆಗೆಯಿತು. 1901ರ ಅಲ್ಲಿನ ವಲಸೆ ಕಾಯಿದೆಯ ಪ್ರಕಾರ ಬಂದವನಿಗೆ ಯಾವುದಾದರೊಂದು ಐರೋಪ್ಯ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಾಗಿತ್ತು, ಬರೆಯಲಾರದವನು ಹೊರಗೆ. ಭಾಷೆಯನ್ನು ಆರಿಸುವವನು ಅಧಿಕಾರಿ. ಈ ಪರೀಕ್ಷೆ ಹುಟ್ಟಿದ್ದೇ ನಮ್ಮಂತಹ ಏಷ್ಯದ ಜನರನ್ನು ಬಣ್ಣದ ಹೆಸರೆತ್ತದೆ ದೂರವಿಡಲು ಎಂಬುದನ್ನು ಇಲ್ಲಿ ನೆನೆಯಬೇಕು. 1909ರ ಮೇಲೆ ಅದರಲ್ಲಿ ತೇರ್ಗಡೆಯಾದವರು ಒಬ್ಬರೂ ಇಲ್ಲ. ಹಲವು ಭಾಷೆಗಳನ್ನು ಬಲ್ಲ ಕಿಷ್‌ಗೆ ಯಾವ ಭಾಷೆಯಲ್ಲಿ ಉಕ್ತಲೇಖನ ಕೊಡುವುದು? ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯನ್ನು ಆರಿಸಿದರು. ಅವನು ಬರೆಯಲಾರನೆಂದ ಕೂಡಲೆ ನಿಷಿದ್ಧ ವಲಸೆಗಾರನೆಂದು ಹಿಡಿದರು. ಆ ಪಾಠವನ್ನು ಓದಿ ಹೇಳಿದ ಪೊಲೀಸಿನವನು ನ್ಯಾಯಾಲಯದಲ್ಲಿ ತಾನೇ ಅದರ ಅರ್ಥವನ್ನು ಸರಿಯಾಗಿ ಬಿಡಿಸಿ ಹೇಳಲಾರದೆ ಹೋದನು. ಕಾಯಿದೆ ಹೇಳುವ ಐರೋಪ್ಯ ಭಾಷೆಗಳಲ್ಲಿ ಸ್ಕಾಟಿಷ್ ಗೇಲಿಕ್ ಸೇರುವುದಿಲ್ಲವೆಂದು ಡಿಸೆಂಬರಿನಲ್ಲಿ ಹೈಕೋರ್ಟು ತೀರ್ಪಿತ್ತಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕಿಷ್ ಸಭೆಗಳಲ್ಲಿ ಮಾತನಾಡಿದನು. ಕೇಳಲು ಸಾವಿರಾರು ಜನ ನೆರೆದರು. ಬಾಗಿಲನ್ನು ಮುಚ್ಚಹೋದ ಸರ್ಕಾರವೇ ಅವನಿಗೆ ಸಭೆಯನ್ನು ಕೂಡಿಸಿಕೊಟ್ಟಂತಾಯಿತು. ಹಿಟ್ಲರನ ವಿಚಾರದಲ್ಲಿ ಅವನು ಕೊಟ್ಟ ಎಚ್ಚರಿಕೆ ಎಷ್ಟು ನಿಜವಾಗಿತ್ತೆಂಬುದನ್ನು ಮುಂದಿನ ಐದೇ ವರ್ಷಗಳು ತೋರಿಸಿದುವು.

ಕಿಷ್ ಪ್ರಸಂಗದಲ್ಲಿ ನಗು ತರಿಸುವುದು ಗೇಲಿಕ್. ಆದರೆ ನನ್ನ ಮನಸ್ಸನ್ನು ಕೊರೆಯುವುದು ಬೇರೆಯದು. ಅವನ ಮಾತು ಅಪಾಯಕಾರಿ ಎಂದ ಸರ್ಕಾರ ಅವನ ಒಂದು ವಾಕ್ಯವನ್ನೂ ಮುಂದಿಟ್ಟು ಇದೇ ಆ ಅಪಾಯ ಎನ್ನಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ನನ್ನ ಮನೆಗೆ ಯಾರು ಬರಬೇಕೆಂಬುದು ನನ್ನ ಇಷ್ಟ. ಪರದೇಶದವನಿಗೆ ನನ್ನ ದೇಶದಲ್ಲಿ ಬಂದು ಮಾತನಾಡುವ ಹಕ್ಕೆಲ್ಲಿದೆ? ಈ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ದೇಶವು ಒಬ್ಬನ ಮನೆಯಲ್ಲ, ಹತ್ತಾರು ಮಂದಿ ಅಣ್ಣತಮ್ಮಂದಿರ ತುಂಬಿದ ಮನೆ. ಒಬ್ಬ ತಮ್ಮ ಕರೆದ ಅತಿಥಿಯನ್ನು ಹಿರಿಯಣ್ಣ ಹೊಸ್ತಿಲಲ್ಲಿಯೇ ಹಿಂದಿರುಗಿಸಿದರೆ, ಅವಮಾನ ಅತಿಥಿಗೆ ಮಾತ್ರವೇ? ಅಮೆರಿಕದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮಾಂಡೆಲ್ 1969ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಹೊರಟರು. ಅವರಿಗೆ ವೀಸಾ ದೊರೆಯಲಿಲ್ಲ. ಅವರನ್ನು ಕೇಳಬೇಕೆಂದಿದ್ದ ಪ್ರಾಧ್ಯಾಪಕರು ತಮ್ಮ ಕೇಳುವ ಹಕ್ಕಿಗೆ ಭಂಗ ಬಂತೆಂದು ದಾವೆ ಹೂಡಿದರು. 1972ರಲ್ಲಿ ಆರು ಮಂದಿ ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿಯೂ ಮೂವರು ಪ್ರಾಧ್ಯಾಪಕರ ಪರವಾಗಿಯೂ ನಿಂತರು. ಮೇಲ್ನೋಟಕ್ಕೆ ಸರಿಯಾದ, ಪ್ರಾಮಾಣಿಕವಾದ ಕಾರಣವೊಂದನ್ನು ಸರ್ಕಾರ ಹೇಳಿದರೆ ಸಾಕು, ಅದರಾಚೆಗೆ ನಾವು ಇಣುಕಿ ನೋಡುವುದಿಲ್ಲವೆಂಬುದು ಬಹುಮತದ ನಿಲುವು. ಅಷ್ಟರಲ್ಲಿ ನ್ಯೂಯಾರ್ಕಿನ ಸಭೆಗೆ ಮಾಂಡೆಲ್ಲರ ಭಾಷಣ ಅಟ್ಲಾಂಟಿಕ್ ಸಾಗರದಾಚೆಯಿಂದ ದೂರವಾಣಿಯ ಮೂಲಕ ತಲುಪಿಯಾಗಿತ್ತು. ಕಟ್ಟೆಯಲ್ಲಿ ಮನುಷ್ಯನನ್ನು ತಡೆಯಬಹುದು, ಮಾತನ್ನಲ್ಲ. ಅಂದು ತಂತಿಯಲ್ಲಿ ಹೋದ ಮಾತು ಇಂದು ಅಂತರಜಾಲದಲ್ಲಿ ಎಲ್ಲರ ಜೇಬಿನಲ್ಲಿಯೂ ಇದೆ.

ಲಂಡನ್ನಿನ ದುರಂತದ ಮರುತಿಂಗಳು, 2005ರ ಆಗಸ್ಟಿನಲ್ಲಿ, ಬ್ರಿಟನ್ನಿನ ಗೃಹಮಂತ್ರಿ ಚಾರ್ಲ್ಸ್ ಕ್ಲಾರ್ಕ್ ಅಸಹನೀಯ ನಡವಳಿಕೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಭಯೋತ್ಪಾದನೆಯನ್ನು ಸಮರ್ಥಿಸುವುದು, ವೈಭವೀಕರಿಸುವುದು, ಅದಕ್ಕೆ ಪ್ರಚೋದಿಸುವುದು, ಸಮುದಾಯಗಳ ನಡುವೆ ಹಿಂಸೆಗೆ ಎಡೆಕೊಡಬಹುದಾದ ದ್ವೇಷವನ್ನು ಬೆಳೆಸುವುದು. ಇಂತಹ ವಿದೇಶಿಗಳಿಗೆ ಬಾಗಿಲಿಲ್ಲ. ಹೆಸರಿನ ಬದಲು ನಡತೆಯನ್ನು ಅಳೆಯುವ ಮಾತು ಇದು. ಅಷ್ಟರಮಟ್ಟಿಗೆ ಹಿಂದಿನದಕ್ಕಿಂತ ಮೇಲು. ಆದರೆ ನಡೆದದ್ದೇನು? ಆತ್ಮಾಹುತಿ ದಾಳಿಗಳನ್ನು ಸಮರ್ಥಿಸಿದ್ದ ಯೂಸುಫ್ ಅಲ್ ಖರದಾವಿ ಎಂಬ ಧರ್ಮಪಂಡಿತರನ್ನು 2004ರಲ್ಲಿ ಲಂಡನ್ನಿನ ಮೇಯರೇ ಬರಮಾಡಿಕೊಂಡಿದ್ದರು. 2008ರಲ್ಲಿ, ವಿರೋಧಪಕ್ಷದ ನಾಯಕರೂ ಒತ್ತಾಯಿಸಿದ ಮೇಲೆ, ಅದೇ ಪಂಡಿತರಿಗೆ ವೀಸಾ ಇಲ್ಲವೆಂದಾಯಿತು. 2009ರ ಫೆಬ್ರುವರಿಯಲ್ಲಿ ಖುರಾನನ್ನು ಹಳಿಯುವ ಚಿತ್ರವೊಂದನ್ನು ಮಾಡಿದ್ದ ಡಚ್ ರಾಜಕಾರಣಿ ಗೀರ್ತ್ ವಿಲ್ಡರ್ಸ್ ಅವರನ್ನು ಹೀಥ್ರೋ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದರು. ಅಕ್ಟೋಬರಿನಲ್ಲಿ ನ್ಯಾಯಮಂಡಲಿಯೊಂದು ಆ ಆಜ್ಞೆಯನ್ನು ರದ್ದುಮಾಡಿತು. ಅವರು ಮರಳಿ ಬಂದರು. ಮೊದಲನೆಯವರನ್ನು ತಡೆದಾಗ ಚಪ್ಪಾಳೆ ತಟ್ಟಿದವರಲ್ಲಿ ಕೆಲವರು ಎರಡನೆಯವರನ್ನು ತಡೆದಾಗ ಸಿಡಿಮಿಡಿಗೊಂಡರು. ಮೊದಲು ಸಿಡಿಮಿಡಿಗೊಂಡವರಲ್ಲಿ ಕೆಲವರು ಆಮೇಲೆ ಚಪ್ಪಾಳೆ ತಟ್ಟಿದರು. ಒಂದೇ ಅಳತೆಗೋಲು ಎರಡು ಕೈಗಳಲ್ಲಿ ಎರಡು ಉದ್ದವಾಯಿತು.

ಹಾಗಾದರೆ ಸರಿಯಾದ ದಾರಿ ಯಾವುದೂ ಇಲ್ಲವೇ? ಇದೆ. ಅದು ಕಷ್ಟದ ದಾರಿ. ಅದಕ್ಕೆ ನಿದರ್ಶನವನ್ನು ಕೆನಡಾ ದೇಶ ಕೊಟ್ಟಿದೆ. ಲಿಯೋನ್ ಮುಗೆಸೆರಾ ರುವಾಂಡದ ರಾಜಕಾರಣಿ. ವೃತ್ತಿಯಿಂದ, ನಮ್ಮ ಹಾಗೆಯೇ, ಅಧ್ಯಾಪಕ. 1992ರ ನವೆಂಬರ್ 22ರಂದು ಕಬಾಯಾ ಎಂಬ ಊರಿನಲ್ಲಿ ಅವನು ತನ್ನ ಪಕ್ಷದವರ ಮುಂದೆ ಒಂದು ಭಾಷಣ ಮಾಡಿದನು. ಟುಟ್ಸಿ ಜನರನ್ನು ನದಿಯ ದಾರಿಯಿಂದ ಇಥಿಯೋಪಿಯಕ್ಕೆ ಬೇಗನೆ ತಲುಪಿಸಬೇಕೆಂಬ ಧಾಟಿಯ ಮಾತು ಅದರಲ್ಲಿತ್ತು. ಆ ನದಿಯ ಹೆಸರು ನ್ಯಾಬರೊಂಗೊ. ಹದಿನೇಳು ತಿಂಗಳ ಮೇಲೆ, 1994ರ ಏಪ್ರಿಲ್‌ನಿಂದ ಜುಲೈವರೆಗೆ, ಆ ದೇಶದಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾಯಿತು. ನದಿಗಳು ನಿಜವಾಗಿಯೂ ಹೆಣಗಳನ್ನು ಹೊತ್ತು ಹರಿದುವು. ಅಷ್ಟರಲ್ಲಿ ಮುಗೆಸೆರಾ ಕುಟುಂಬದೊಡನೆ ಕೆನಡಾ ಸೇರಿದ್ದನು.

ಅವನನ್ನು ಹೊರಹಾಕಬೇಕೆಂದು ಕೆನಡಾ ಸರ್ಕಾರ 1995ರಲ್ಲಿ ಕ್ರಮ ಕೈಗೊಂಡಿತು. ಮುಂದೆ ನಡೆದದ್ದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಇಡೀ ಮೊಕದ್ದಮೆ ಒಂದು ಭಾಷಣದ ಅರ್ಥವ್ಯಾಖ್ಯಾನದ ಸುತ್ತ ತಿರುಗಿತು. ಭಾಷಣ ನಡೆದದ್ದು ಕಿನ್ಯರುವಾಂಡಾ ಭಾಷೆಯಲ್ಲಿ. ನ್ಯಾಯಾಧೀಶರು ಓದಬೇಕಾದದ್ದು ಅನುವಾದವನ್ನು. ಯಾವ ಅನುವಾದ ಸರಿ? ಅಲ್ಲಿನ ಗಾದೆಗಳಿಗೂ ಸೂಚನೆಗಳಿಗೂ ಆ ದಿನ ಆ ಜನ ಏನೆಂದು ಅರ್ಥಮಾಡಿಕೊಂಡರು? ಕೇವಲ ಆಯ್ದ ಭಾಗಗಳನ್ನು ನೋಡಬೇಕೇ, ಆದ್ಯಂತ ಓದಬೇಕೇ? 2003ರಲ್ಲಿ ಮೇಲ್ಮನವಿ ನ್ಯಾಯಾಲಯ, ಭಾಷಣವನ್ನು ಪೂರ್ತಿಯಾಗಿ ಓದಿದರೆ ಅದು ಪ್ರಚೋದನೆಯಲ್ಲವೆಂದು ಅವನ ಪರವಾಗಿ ತೀರ್ಪು ಕೊಟ್ಟಿತು. 2005ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುವುಹಾಕಿತು. ಭಾಷಾಶಾಸ್ತ್ರಜ್ಞನೊಬ್ಬನ ಅನುವಾದವನ್ನು ಆಧಾರವಾಗಿ ಹಿಡಿದು, ಆ ಕಾಲದ ಆ ನೆಲದ ಸಂದರ್ಭದಲ್ಲಿ ಅದೇ ಭಾಷಣವನ್ನು ಪೂರ್ತಿಯಾಗಿ ಓದಿ, ಅದು ಕೊಲೆಗೂ ಜನಹತ್ಯೆಗೂ ಪ್ರಚೋದನೆಯೇ ಎಂದು ಹೇಳಿತು. 2012ರಲ್ಲಿ ಅವನನ್ನು ರುವಾಂಡಕ್ಕೆ ಕಳುಹಿಸಿದರು. 2016ರಲ್ಲಿ ಅಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಕಿಷ್ ಮತ್ತು ಮುಗೆಸೆರಾ, ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಭಾಷೆಯ ಪ್ರಕರಣಗಳೇ. ಒಂದರಲ್ಲಿ ಭಾಷೆ ಬೋನಾಯಿತು. ಆರೋಪಿಯ ಮಾತನ್ನು ಯಾರೂ ಓದಲಿಲ್ಲ. ಇನ್ನೊಂದರಲ್ಲಿ ಅವನ ಮಾತನ್ನು ಹತ್ತು ವರ್ಷಗಳ ಕಾಲ, ಪದಪದವಾಗಿ, ಹಗಲು ಬೆಳಕಿನಲ್ಲಿ ಓದಿದರು. ಅವನ ಉತ್ತರವನ್ನೂ ಕೇಳಿದರು. ಮೊದಲನೆಯದು ನಗೆಪಾಟಲಾಯಿತು. ಎರಡನೆಯದನ್ನು ಒಪ್ಪದವನೂ ಅದನ್ನು ಅನ್ಯಾಯವೆನ್ನಲಾರ.

ಫೈಸಲ್‌ನ ಕಥೆಯ ಕೊನೆಯೂ ಇದನ್ನೇ ಹೇಳುತ್ತದೆ. 2003ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಅವನ ಧ್ವನಿಸುರುಳಿಗಳನ್ನೇ ಸಾಕ್ಷ್ಯವಾಗಿ ಕೇಳಿ, ಕೊಲೆಗೆ ಪ್ರೇರೇಪಿಸಿದ ಅಪರಾಧಕ್ಕಾಗಿ ಅವನನ್ನು ಸೆರೆಗೆ ಕಳುಹಿಸಿತು. 2007ರಲ್ಲಿ ಬ್ರಿಟನ್ ಅವನನ್ನು ಹೊರಗೆ ಹಾಕಿತು. ಹೊರಗೆ ಹಾಕಿದ ಮಾತ್ರಕ್ಕೆ ಅವನ ದನಿ ಅಡಗಲಿಲ್ಲ. ಜಮೈಕಾದಲ್ಲಿ ಕುಳಿತೇ ಅಂತರಜಾಲದ ಮೂಲಕ ಅವನು ಕೆಲಸವನ್ನು ಮುಂದುವರಿಸಿದನು. ಕೊನೆಗೆ ಅವನನ್ನು ನಿಲ್ಲಿಸಿದ್ದು ಮತ್ತೊಂದು ಮೊಕದ್ದಮೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 18 ವರ್ಷಗಳ ಶಿಕ್ಷೆ ವಿಧಿಸಿತು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ನಮ್ಮ 1946ರ ವಿದೇಶೀಯರ ಕಾಯಿದೆ ಬ್ರಿಟಿಷರು ಬಿಟ್ಟುಹೋದದ್ದು. ವಿದೇಶೀಯರನ್ನು ಹೊರಹಾಕುವ ವಿಷಯದಲ್ಲಿ ಅದು ಸರ್ಕಾರಕ್ಕೆ ನಿರಂಕುಶ ವಿವೇಚನೆಯನ್ನು ಕೊಟ್ಟಿದೆಯೆಂದು ನಮ್ಮ ಸುಪ್ರೀಂ ಕೋರ್ಟು 1955ರಲ್ಲಿಯೇ ಹೇಳಿತ್ತು. 2025ರಲ್ಲಿ ಆ ಕಾಯಿದೆ ಹೋಗಿ ಹೊಸ ಕಾಯಿದೆ ಬಂದಿದೆ. ಸರ್ಕಾರದ ಆ ಅಧಿಕಾರ ಹೊಸದರಲ್ಲಿ ಕುಗ್ಗಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸಂವಿಧಾನವನ್ನು ಕುರಿತು ಬೆಂಗಳೂರಿನಲ್ಲಿ ಸಮಾವೇಶವೊಂದನ್ನು ಏರ್ಪಡಿಸಿತ್ತು. ಅದಕ್ಕೆ ಕರೆಯಲ್ಪಟ್ಟ, ಕಾಶ್ಮೀರ ಮೂಲದ ಬ್ರಿಟಿಷ್ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಲಂಡನ್ನಿಗೆ ಹಿಂದಿರುಗಿಸಲಾಯಿತು. ವಿದೇಶೀಯರ ಪ್ರವೇಶ ಸಾರ್ವಭೌಮ ದೇಶದ ನಿರ್ಧಾರವೆಂದು ಕೇಂದ್ರದ ವಿದೇಶಾಂಗ ಇಲಾಖೆ ಹೇಳಿತು. ಯಾವ ಮಾತಿಗಾಗಿ ಎಂಬುದನ್ನು ಅಂದು ಹೇಳಲಿಲ್ಲ. ಅವರ ಅಭಿಪ್ರಾಯಗಳನ್ನು ಒಪ್ಪದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಒಪ್ಪುವವರೂ ಇದ್ದಾರೆ. ಒಪ್ಪುವುದೂ ಬಿಡುವುದೂ ಇಲ್ಲಿ ಪ್ರಶ್ನೆಯಲ್ಲ. ಒಬ್ಬ ತಮ್ಮ ಕರೆದ ಅತಿಥಿಯನ್ನು ಅಣ್ಣ ಹೊಸ್ತಿಲಲ್ಲಿ ತಡೆದನು. ಸಭೆಯಲ್ಲಿ ಕುಳಿತಿದ್ದ ನಮಗೆ ಯಾರೂ ಕಾರಣ ಹೇಳಲಿಲ್ಲ. ಹಿಂಸೆಯ ಪ್ರಚಾರಕನನ್ನು ತಡೆಯಲೆಂದು ಕೊಟ್ಟ ಬೀಗದ ಕೈಗೆ ತನ್ನದೇ ಆದ ನೆನಪಿರುವುದಿಲ್ಲ. ಅದು ಹಿಡಿದವನ ಇಷ್ಟದಂತೆ ತಿರುಗುತ್ತದೆ.

ಆದುದರಿಂದ ನನ್ನ ವಿದ್ಯಾರ್ಥಿಗೆ ಹೀಗೆಂದು ಬರೆದೆ: “ನಿನ್ನ ಮನವಿಯಲ್ಲಿ ಆ ಮನುಷ್ಯನ ಹೆಸರು ಏಳು ಸಲ ಬಂದಿದೆ, ಅವನ ಮಾತು ಒಂದು ಸಲವೂ ಬಂದಿಲ್ಲ. ಮೊದಲು ಅವನ ಭಾಷಣವನ್ನು ಮೊದಲಿಂದ ಕೊನೆಯವರೆಗೆ ಕೇಳು. ಅವನ ಭಾಷೆ ನಿನಗೆ ಬಾರದಿದ್ದರೆ, ಬಲ್ಲವರಿಬ್ಬರನ್ನು ಕೂರಿಸಿಕೊಂಡು ಕೇಳು. ಅವರಲ್ಲಿ ಒಬ್ಬರಾದರೂ ನಿನ್ನ ಪಕ್ಷದವರಾಗಿರಬಾರದು. ಕೊಂದವರನ್ನು ಹೊಗಳಿ ಇನ್ನಷ್ಟು ಮಂದಿಯನ್ನು ಕೊಲ್ಲಿರೆಂಬ ಅರ್ಥ ಆ ಮಾತಿನಲ್ಲಿ ನಿಜವಾಗಿ ಇದ್ದರೆ, ಆ ವಾಕ್ಯವನ್ನು ಅದರ ಹಿಂದುಮುಂದಿನ ವಾಕ್ಯಗಳೊಡನೆ ಮನವಿಯಲ್ಲಿ ಬರೆ. ಸರ್ಕಾರ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಅವನಿಗೂ ಅವನನ್ನು ಕರೆದವರಿಗೂ ಅದನ್ನು ನ್ಯಾಯಾಧೀಶರೊಬ್ಬರ ಮುಂದೆ ಪ್ರಶ್ನಿಸಲು ಅವಕಾಶವಿರಬೇಕು ಎಂದೂ ಸೇರಿಸು. ಕೊನೆಯದಾಗಿ, ಇದೇ ಒಕ್ಕಣೆಯಲ್ಲಿ ನಿನ್ನ ಪ್ರೀತಿಯ ಭಾಷಣಕಾರನ ಹೆಸರನ್ನು ಹಾಕಿ ಒಮ್ಮೆ ಓದಿ ನೋಡು. ಆಗಲೂ ನ್ಯಾಯವಾಗಿ ಕಂಡರೆ ನನಗೆ ಕಳುಹಿಸು, ರುಜು ಹಾಕುತ್ತೇನೆ.”

ಸಭೆ ಮುಂದಿನ ವಾರವೇ ಇರುವಾಗ ಇಷ್ಟೆಲ್ಲಕ್ಕೆ ವೇಳೆಯೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಬೆಂಕಿ ಹತ್ತುವಂತಿರುವಾಗ ಮೊದಲು ತಡೆದು ಆಮೇಲೆ ವಿಚಾರಣೆ ನಡೆಸುವುದುಂಟು; ಅದನ್ನು ಬೇಡವೆನ್ನಲಾರೆ. ಆದರೆ ಆ ಆಮೇಲೆ ಎಂಬುದು ಬಂದೇ ಬರಬೇಕು, ಬೇಗ ಬರಬೇಕು. ನಾವು ಏಳೆಂಟು ಮಂದಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ ದಿನವೂ ನಮಗೆ ವೇಳೆ ಇರಲಿಲ್ಲ. ಆಮೇಲೆ ಎರಡು ವರ್ಷಗಳ ವೇಳೆ ಇತ್ತು; ಯಾರೂ ಆ ಭಾಷಣವನ್ನು ಹುಡುಕಿ ಓದುವ ಗೋಜಿಗೆ ಹೋಗಲಿಲ್ಲ.

ಹಾಗೆಯೇ ಆ ಹುಡುಗಿಯ ಮಾತನ್ನೂ ನಾನು ಮರೆತಿಲ್ಲ. ಸಭೆ ನಡೆಯುವುದೇ ಆದರೆ, ಅಂದು ಅವಳು ಊರಿನಲ್ಲಿಯೇ ಇರುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ನಾಲ್ಕು ಮಂದಿ ಗೆಳೆಯರು ಅವಳೊಡನೆ ಸಭೆಯ ಬಾಗಿಲಿನವರೆಗೆ ನಡೆದು ಹೋಗಿ, ಎದ್ದು ನಿಂತು ಪ್ರಶ್ನೆ ಕೇಳುವುದಾದರೆ, ಅದು ನೂರು ರುಜುಗಳಿಗೆ ಸಮ ಎಂದೂ ಬರೆದೆ.

ಮೊನ್ನೆ ಅವನ ಉತ್ತರ ಬಂದಿತು. ಬಹಳ ಚಿಕ್ಕ ಪತ್ರ. “ಮೇಷ್ಟ್ರೇ, ಭಾಷಣ ಎರಡು ಗಂಟೆಯದು. ಅವನ ಭಾಷೆ ಬಲ್ಲ ಇಬ್ಬರೊಡನೆ ಕೂತು ಮುಕ್ಕಾಲು ಗಂಟೆಯಷ್ಟು ಕೇಳಿದ್ದೇವೆ. ಒಂದು ಮಾತಿನ ಅರ್ಥದ ಬಗ್ಗೆ ಅವರಿಬ್ಬರಿಗೂ ಜಗಳ ಹತ್ತಿದೆ. ಆ ಹುಡುಗಿಯೂ ನಮ್ಮೊಡನೆ ಕುಳಿತಿದ್ದಾಳೆ. ಉಳಿದದ್ದನ್ನು ನಾಳೆ ಕೇಳುತ್ತೇವೆ” ಎಂದಿತ್ತು.

ಮನವಿ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ರುಜುವಿನ ಜಾಗ ಖಾಲಿಯಾಗಿದೆ. ಅವನ ಮುಂದಿನ ಪತ್ರಕ್ಕಾಗಿ ಕಾಯುತ್ತಿದ್ದೇನೆ.